ಮುಂಬಯಿಯ ಮಕ್ಕಳಿಗೆ ಆನ್‌ಲೈನ್ ಕನ್ನಡ: ಶಿಕ್ಷಕರನ್ನು ಸಜ್ಜುಗೊಳಿಸದೆ ಸಾಧ್ಯವೇ?

2025ರ ಏಪ್ರಿಲ್ 16ರಿಂದ ಜೂನ್ 29ರವರೆಗಿನ ಸುಮಾರು ಹತ್ತು ವಾರಗಳಲ್ಲಿ ಮಹಾರಾಷ್ಟ್ರ ಸರ್ಕಾರ ಶಾಲೆಗಳಲ್ಲಿ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸುವ ಬಗ್ಗೆ ಒಂದು ಆದೇಶ ಹೊರಡಿಸಿತು, ಅದನ್ನು ತಿದ್ದಿ ಇನ್ನೊಂದು ಹೊರಡಿಸಿತು, ಕೊನೆಗೆ ಎರಡನ್ನೂ ಹಿಂತೆಗೆದುಕೊಂಡಿತು. ಹಿಂದಿ ಬೇಕೇ, ಬೇಡವೇ ಎಂಬ ಜಗಳದ ಗದ್ದಲದಲ್ಲಿ ಎರಡನೆಯ ಆದೇಶದ ಒಂದು ಅಂಶ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆಯನ್ನು ಕಲಿಯಲು ಬಯಸಿದರೆ ಅದಕ್ಕೆ ಶಿಕ್ಷಕರನ್ನು ಒದಗಿಸಲಾಗುವುದು, ಇಲ್ಲವಾದರೆ ಆ ಭಾಷೆಯನ್ನು ಆನ್‌ಲೈನ್ ಮೂಲಕ ಕಲಿಸಲಾಗುವುದು ಎಂದು ಅದರಲ್ಲಿತ್ತು. ಮುಂಬಯಿ, ಠಾಣೆ, ಪುಣೆಯ ಕನ್ನಡ ಮನೆಗಳಲ್ಲಿ ಆಗ ಎದ್ದ ಪ್ರಶ್ನೆಗಳು ಇಂದಿಗೂ ಹಾಗೆಯೇ ಉಳಿದಿವೆ. ನಮ್ಮ ಮಗು ಓದುವ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಕೇಳಬಹುದಿತ್ತೇ? ಕೇಳಿದ್ದರೆ ಪರದೆಯ ಮೇಲೆ ಕಲಿಸುವವರು ಯಾರು? ಆರು ವರ್ಷದ ಮಗು ಹಾಗೆ ಕಲಿತೀತೇ?

ಆದೇಶ ಹಿಂದೆ ಸರಿದರೂ ಈ ಪ್ರಶ್ನೆಗಳು ಮುಗಿದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರ ಜಾರಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಅದನ್ನು ಹೇಗೆ ಅಳವಡಿಸಬೇಕು ಎಂಬುದನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞ ಡಾ. ನರೇಂದ್ರ ಜಾಧವ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಹಿಂದಿಯ ಪ್ರಶ್ನೆ ಯಾವ ಕಡೆಗೆ ಇತ್ಯರ್ಥವಾದರೂ, ಸಣ್ಣ ಸಂಖ್ಯೆಯಲ್ಲಿ ಚದುರಿಹೋಗಿರುವ ಮಕ್ಕಳಿಗೆ ಅವರ ಭಾಷೆಯನ್ನು ಹೇಗೆ ಕಲಿಸುವುದು ಎಂಬ ಸಮಸ್ಯೆಗೆ ಆಡಳಿತಗಾರರು ಮತ್ತೆ ಮತ್ತೆ ಸೂಚಿಸುವ ಉತ್ತರ ಆನ್‌ಲೈನ್ ಪಾಠವೇ. ಆದ್ದರಿಂದ ಆ ಉತ್ತರದ ಬೆಲೆ ಎಷ್ಟು, ಷರತ್ತುಗಳೇನು ಎಂಬುದನ್ನು ಈಗಲೇ ತೂಗಿ ನೋಡುವುದು ಒಳ್ಳೆಯದು.

ಯಾವ ಮಕ್ಕಳ ಮಾತು ಇದು

ಮೊದಲ ಗೊಂದಲ ಇಲ್ಲಿಯೇ ಇದೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುವ ಮಗುವಿಗೆ ಈ ಆದೇಶಗಳಿಂದ ನೇರವಾಗಿ ಆಗುವುದು ಹೆಚ್ಚೇನೂ ಇರಲಿಲ್ಲ. ಅಲ್ಲಿ ಮಾಧ್ಯಮದ ಭಾಷೆಯಾಗಿ ಕನ್ನಡ, ಜೊತೆಗೆ ಮರಾಠಿ ಮತ್ತು ಇಂಗ್ಲಿಷ್ ಹೀಗೆ ಮೂರು ಭಾಷೆಗಳು ಮೊದಲೇ ಇವೆ. ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ, ಕನ್ನಡ ಅವುಗಳಲ್ಲಿ ಒಂದು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಈ ಶಾಲೆಗಳ ಸಂಕಟವೇ ಬೇರೆ, ಅದು ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಸಂಕಟ.

ಇಪ್ಪತ್ತು ಮಕ್ಕಳ ಮಾತು ಅನ್ವಯವಾಗುತ್ತಿದ್ದುದು ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ. ಮಹಾನಗರದ ಕನ್ನಡಿಗರ ಮಕ್ಕಳು ಇಂದು ಹೆಚ್ಚಾಗಿ ಇರುವುದು ಅಲ್ಲಿಯೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಉತ್ತರ ಕರ್ನಾಟಕದ ಕನ್ನಡವೋ ಕಿವಿಗೆ ಬೀಳುತ್ತದೆ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಬೀದಿಯಲ್ಲಿ ಬಂಬಯ್ಯಾ ಹಿಂದಿ. ಕನ್ನಡದ ಅಕ್ಷರವನ್ನು ಇವರು ಕಾಣುವುದು ಮನೆಗೆ ಬರುವ ಪತ್ರಿಕೆಯಲ್ಲಿ, ಮದುವೆಯ ಕರೆಯೋಲೆಯಲ್ಲಿ, ಯಕ್ಷಗಾನದ ಪೋಸ್ಟರಿನಲ್ಲಿ ಮಾತ್ರ. ಆ ಮಕ್ಕಳ ಪಾಲಿಗೆ ಆನ್‌ಲೈನ್ ಕನ್ನಡ ತರಗತಿ ಸಿಕ್ಕರೆ ಅದು ಹೊಸ ಬಾಗಿಲೇ ಸರಿ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಎದುರುಬದುರಾಗಿರುವ ವಾದಗಳು

ಆಡಳಿತದ ವಾದ ಸರಳವಾಗಿದೆ. ಗೋರೆಗಾಂವ್‌ನ ಒಂದು ಶಾಲೆಯಲ್ಲಿ 22 ಮಕ್ಕಳು ಕನ್ನಡ, ಮುಲುಂಡಿನ ಇನ್ನೊಂದರಲ್ಲಿ 25 ಮಕ್ಕಳು ತಮಿಳು ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಪ್ರತಿ ಶಾಲೆಗೂ ವಾರಕ್ಕೆ ಮೂರು ನಾಲ್ಕು ಅವಧಿಗಳಿಗಾಗಿ ಒಬ್ಬೊಬ್ಬ ಕಾಯಂ ಶಿಕ್ಷಕರನ್ನು ನೇಮಿಸಲು ಯಾವ ಖಜಾನೆಯೂ ಒಪ್ಪುವುದಿಲ್ಲ. ಒಬ್ಬರೇ ಶಿಕ್ಷಕರು ಹಲವು ಶಾಲೆಗಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡಿದರೆ ಖರ್ಚೂ ಕಡಿಮೆ, ಲೋಕಲ್ ಟ್ರೇನಿನ ಓಡಾಟವೂ ತಪ್ಪುತ್ತದೆ.

ಶಿಕ್ಷಕರ ಸಂಘಟನೆಗಳ ಕಡೆಯಿಂದ ಕೇಳಿಬರುವ ಆತಂಕ ಇದಕ್ಕೆ ವಿರುದ್ಧವಾದದ್ದು. ಖಾಲಿ ಹುದ್ದೆಗಳನ್ನು ತುಂಬದಿರಲು ಆನ್‌ಲೈನ್ ಒಂದು ನೆಪವಾಗುತ್ತದೆ, ಒಮ್ಮೆ ಪಾಠದ ವಿಡಿಯೊ ಮಾಡಿಟ್ಟರೆ ಮರುವರ್ಷ ಶಿಕ್ಷಕರೇ ಬೇಡ ಎನ್ನುವ ಹಂತ ಬರುತ್ತದೆ ಎಂಬುದು ಅವರ ಭಯ. ಚುನಾವಣೆ, ಗಣತಿ, ಪೋರ್ಟಲ್‌ಗಳಿಗೆ ಮಾಹಿತಿ ತುಂಬುವ ಕೆಲಸಗಳ ನಡುವೆ ಇನ್ನೊಂದು ತರಬೇತಿಯ ಹೊರೆ ಬೇಡ ಎಂಬ ದಣಿವೂ ಅದರಲ್ಲಿದೆ. ಪಾಲಕರಲ್ಲಿ ಕೆಲವರಿಗೆ ಮಗು ಕನ್ನಡ ಓದಲಿ ಎಂಬ ಆಸೆಯಿದ್ದರೆ, ಇನ್ನು ಕೆಲವರಿಗೆ ಮತ್ತೊಂದು ಗಂಟೆ ಫೋನು ಮಗುವಿನ ಕೈಗೆ ಹೋಗುವುದೇ ಚಿಂತೆ. ಕನ್ನಡ ಶಾಲೆಗಳ ಹಿತೈಷಿಗಳಿಗೆ ಬೇರೊಂದು ಅಳುಕು: ಆನ್‌ಲೈನ್‌ನಲ್ಲಿ ಕನ್ನಡ ಸಿಗುತ್ತದಲ್ಲ ಎಂಬ ಮಾತು ಉಳಿದಿರುವ ಕನ್ನಡ ಮಾಧ್ಯಮದ ತರಗತಿಗಳನ್ನು ವಿಲೀನಗೊಳಿಸಲು ಸಮರ್ಥನೆಯಾದೀತು.

ಈ ನಾಲ್ಕೂ ವಾದಗಳಲ್ಲಿ ಹುರುಳಿದೆ. ಆದರೆ ಆದೇಶವೂ ಅದರ ಟೀಕಾಕಾರರೂ ಸೇರಿ ಒಂದು ತಪ್ಪು ತಿಳಿವಳಿಕೆಯನ್ನು ಹಂಚಿಕೊಂಡಿದ್ದಾರೆ. ಶಿಕ್ಷಕರು ಸಿಗದಿದ್ದಾಗ ಅವರ ಜಾಗವನ್ನು ತುಂಬುವ ವ್ಯವಸ್ಥೆ ಆನ್‌ಲೈನ್ ಎಂದು ಇಬ್ಬರೂ ಭಾವಿಸಿದಂತಿದೆ. ವಾಸ್ತವದಲ್ಲಿ ಚಿಕ್ಕ ಮಕ್ಕಳಿಗೆ ಭಾಷೆ ಕಲಿಸುವ ಆನ್‌ಲೈನ್ ತರಗತಿಗೆ ಸಾಮಾನ್ಯ ತರಗತಿಗಿಂತ ಹೆಚ್ಚು ತಯಾರಿಯುಳ್ಳ, ಹೆಚ್ಚು ಸಮಯ ಕೊಡಬಲ್ಲ ಶಿಕ್ಷಕರು ಬೇಕು.

ಕೊರೊನಾ ಕಾಲದ ಅನುಭವವನ್ನು ಓದುವ ಬಗೆ

ಆನ್‌ಲೈನ್ ಎಂದೊಡನೆ ಎಲ್ಲರ ನೆನಪಿಗೆ ಬರುವುದು 2020 ಮತ್ತು 2021ರ ಅನುಭವ, ಅದು ಕಹಿಯಾಗಿಯೇ ಇತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರಲ್ಲಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ. 80ಕ್ಕೂ ಹೆಚ್ಚು ಶಿಕ್ಷಕರು ಆನ್‌ಲೈನ್ ತರಗತಿಯಲ್ಲಿ ಮಕ್ಕಳೊಂದಿಗೆ ಭಾವನಾತ್ಮಕ ನಂಟು ಉಳಿಸಿಕೊಳ್ಳುವುದು ಅಸಾಧ್ಯ ಎಂದರು. ಉಪಕರಣಗಳ ಕಥೆಯೂ ಗೊತ್ತಿರುವುದೇ. 2018ರಲ್ಲಿ ಶಾಲೆಯಲ್ಲಿದ್ದ ಮಕ್ಕಳಲ್ಲಿ ಶೇ. 36.5ರಷ್ಟು ಮಂದಿಯ ಮನೆಗಳಲ್ಲಿದ್ದ ಸ್ಮಾರ್ಟ್‌ಫೋನು 2021ರ ಹೊತ್ತಿಗೆ ಶೇ. 67.6ರಷ್ಟು ಮಂದಿಯ ಮನೆಗಳಿಗೆ ತಲುಪಿತ್ತು ಎಂದು ಗ್ರಾಮೀಣ ಭಾರತದ ಅಸರ್ ಸಮೀಕ್ಷೆ ಹೇಳಿತು. ಆದರೆ ಫೋನು ಇದ್ದ ಮನೆಗಳಲ್ಲಿಯೂ ಸುಮಾರು ಕಾಲುಭಾಗ ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ. ಅಪ್ಪ ಕೆಲಸಕ್ಕೆ ಹೊರಟರೆ ಫೋನೂ ಹೊರಡುತ್ತದೆ ಎಂಬುದು ಚಾಳಿನಲ್ಲಿ ವಾಸಿಸುವ ಯಾವ ಮಗುವಿಗೂ ಹೊಸ ಸಂಗತಿಯಲ್ಲ.

ಆದರೂ ಆ ಎರಡು ವರ್ಷಗಳನ್ನೇ ಆನ್‌ಲೈನ್ ಬೋಧನೆಯ ಅಂತಿಮ ಪರೀಕ್ಷೆ ಎಂದು ಎಣಿಸುವುದು ಸರಿಯಲ್ಲ. 2020ರ ಮಾರ್ಚ್‌ನಲ್ಲಿಯೇ ಅಮೆರಿಕದ ಚಾರ್ಲ್ಸ್ ಹಾಜಸ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ತುರ್ತು ದೂರಬೋಧನೆ ಎಂದು ಕರೆದು, ಯೋಜಿತ ಆನ್‌ಲೈನ್ ಕಲಿಕೆಯಿಂದ ಬೇರೆಯಾಗಿ ನೋಡಬೇಕೆಂದು ವಾದಿಸಿದ್ದರು. ತರಬೇತಿಯಿಲ್ಲದ ಶಿಕ್ಷಕರು, ತರಗತಿಗಾಗಿ ಬರೆದ ಪಠ್ಯ, ಭಯದಲ್ಲಿದ್ದ ಮನೆಗಳು ಇವೆಲ್ಲ ಒಟ್ಟಾಗಿ ಬಂದ ಕಾಲ ಅದು. ಆಗ ಸೋತದ್ದರಲ್ಲಿ ಆನ್‌ಲೈನ್ ಎಂಬ ಮಾಧ್ಯಮದ ಪಾಲೆಷ್ಟು, ತಯಾರಿಯಿಲ್ಲದಿರುವಿಕೆಯ ಪಾಲೆಷ್ಟು ಎಂದು ಬಿಡಿಸಿ ನೋಡದೆ ಮುಂದಿನ ನೀತಿ ಮಾಡಿದರೆ, ಅದೇ ತಯಾರಿಯಿಲ್ಲದ ಪಾಠ ಮತ್ತೊಮ್ಮೆ ಕಾಯಂ ಆಗಿ ಬರುತ್ತದೆ. ಸಾಂಕ್ರಾಮಿಕ ಇದ್ದಾಗ ಅದಕ್ಕೆ ಕ್ಷಮೆಯಿತ್ತು, ಈಗ ಇಲ್ಲ.

ಪರದೆಯ ಮೇಲೆ ಕನ್ನಡ ಅಕ್ಷರ

ಮರಾಠಿ ಓದಲು ಕಲಿತ ಮಗು ಕನ್ನಡಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಆನ್‌ಲೈನ್ ತರಗತಿಯ ನಿಜವಾದ ಸವಾಲು ತಿಳಿಯುತ್ತದೆ. ಮರಾಠಿಯ ದೇವನಾಗರಿಯಲ್ಲಿ ಎ ಮತ್ತು ಏ, ಒ ಮತ್ತು ಓ ಎಂಬ ಭೇದಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ಆದ್ದರಿಂದ ಆ ಮಗು ಬೆಳೆ ಎಂಬುದನ್ನು ಬೇಳೆ ಎಂದೂ, ಕೊಡು ಎಂಬುದನ್ನು ಕೋಡು ಎಂದೂ ಓದುತ್ತದೆ, ಓದಿ ತಾನು ಸರಿಯಾಗಿಯೇ ಓದಿದೆ ಎಂದುಕೊಳ್ಳುತ್ತದೆ. ಕಾಗುಣಿತದ ಕೋಷ್ಟಕವನ್ನು ಇಡೀ ಬಾಯಿಪಾಠ ಮಾಡಿಸಿದರೆ ಈ ತಪ್ಪು ಹೋಗುವುದಿಲ್ಲ. ಹ್ರಸ್ವ ದೀರ್ಘಗಳ ಜೋಡಿಪದಗಳನ್ನು ಮುಂದಿಟ್ಟು, ಮಗುವಿನ ಬಾಯಿಂದ ಕೇಳಿ, ಅಲ್ಲಿಯೇ ತಿದ್ದಬೇಕು.

ಒತ್ತಕ್ಷರ ಇನ್ನೂ ಸೂಕ್ಷ್ಮವಾದದ್ದು. ದೇವನಾಗರಿಯಲ್ಲಿ ಸಂಯುಕ್ತಾಕ್ಷರದ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಇಡಿಯಾಗಿ ಉಳಿದು ಸ್ವರಚಿಹ್ನೆಯನ್ನು ಹೊರುತ್ತದೆ. ಕನ್ನಡದಲ್ಲಿ ಮೊದಲ ವ್ಯಂಜನವೇ ಇಡಿಯಾಗಿ ನಿಂತು ಎರಡನೆಯದು ಕೆಳಗೆ ಇಳಿಯುತ್ತದೆ. ಶಕ್ತಿ ಎಂದು ಬರೆಯುವಾಗ ಇಕಾರದ ಗುಡಿಸು ತಗಲುವುದು ಮೇಲಿರುವ ಕಕಾರಕ್ಕೆ, ಆದರೆ ಕಿವಿಗೆ ಇ ಕೇಳುವುದು ತಕಾರದ ನಂತರ. ಕಿವಿ ಹೇಳುವುದೊಂದು, ಕೈ ಬರೆಯಬೇಕಾದುದು ಇನ್ನೊಂದು. ಮಗು ಎಲ್ಲಿ ತಡವರಿಸಿತು, ಮೊದಲು ಗುಡಿಸು ಹಾಕಿತೋ ಒತ್ತು ಹಾಕಿತೋ ಎಂಬುದು ಬರೆದು ಮುಗಿದ ಪುಟದ ಫೋಟೊದಲ್ಲಿ ಕಾಣುವುದಿಲ್ಲ. ಬರೆಯುತ್ತಿರುವ ಕೈ ಕಾಣಬೇಕು. ಶಾಲೆಯಲ್ಲಿ ಶಿಕ್ಷಕಿ ಬೆಂಚುಗಳ ನಡುವೆ ನಡೆಯುತ್ತಾ ಇದನ್ನು ತಿಳಿಯದಂತೆಯೇ ಗಮನಿಸುತ್ತಾರೆ. ಆನ್‌ಲೈನ್‌ನಲ್ಲಿ ಮಗುವಿನ ಮುಖವನ್ನು ತೋರಿಸುವ ಕ್ಯಾಮೆರಾ ಕೈಯನ್ನು ತೋರಿಸುವುದಿಲ್ಲ. ಎರಡು ದಪ್ಪ ಪುಸ್ತಕಗಳ ರಾಶಿಯ ಅಂಚಿನಲ್ಲಿ ಫೋನನ್ನು ಕೆಳಮುಖವಾಗಿ ಇಡಿಸಿ, ನೋಟ್‌ಬುಕ್ಕು ಅದರ ಕೆಳಗೆ ಬರುವಂತೆ ಮಾಡಿಸುವುದು ಸಣ್ಣ ಉಪಾಯ. ಆದರೆ ಈ ಉಪಾಯ ಗೊತ್ತಿರುವ ಶಿಕ್ಷಕರ ತರಗತಿಗೂ ಗೊತ್ತಿಲ್ಲದವರ ತರಗತಿಗೂ ಅಜಗಜಾಂತರವಿದೆ.

ಧ್ವನಿಯದೂ ಇದೇ ಕಥೆ. ನಮ್ಮ ಶಾಲೆಗಳ ಹಳೆಯ ಬಲವೆಂದರೆ ಒಕ್ಕೊರಲಿನ ಓದು. ನಾಚುವ ಮಗುವೂ ಇಪ್ಪತ್ತು ದನಿಗಳ ನಡುವೆ ತನ್ನ ದನಿ ಸೇರಿಸುತ್ತದೆ, ಪದ್ಯದ ಲಯ ಹಾಗೆಯೇ ಮೈಗೂಡುತ್ತದೆ. ಆನ್‌ಲೈನ್‌ನಲ್ಲಿ ಇದು ಸಾಧ್ಯವಿಲ್ಲ. ಒಬ್ಬೊಬ್ಬರ ದನಿಯೂ ಬೇರೆ ಬೇರೆ ವಿಳಂಬದಲ್ಲಿ ಬಂದು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದರಿಂದ ಶಿಕ್ಷಕರು ಎಲ್ಲರನ್ನೂ ಮ್ಯೂಟ್ ಮಾಡುತ್ತಾರೆ. ಮ್ಯೂಟ್ ಆದ ಮಗು ಬಾಯಿ ಆಡಿಸುತ್ತಿದೆಯೇ ಇಲ್ಲವೇ ಎಂಬುದು ಗೊತ್ತಾಗುವುದಿಲ್ಲ. ಇಂಟರ್ನೆಟ್ ಇಲ್ಲದೆ ಮಾಮೂಲಿ ಫೋನ್ ಕರೆಗೆ ಇಳಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಹಳೆಯ ಮಾದರಿಯ ದೂರವಾಣಿ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ದನಿಯನ್ನು ಮಾತ್ರ. ಸಕಾರದ ಬಲದ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಸ, ಶಗಳ ವ್ಯತ್ಯಾಸ ಮಸುಕಾಗುತ್ತದೆ. ಉಚ್ಚಾರಣೆಯ ಪಾಠಕ್ಕೆ ಯಾವ ಸಾಧನ, ಕಥೆ ಕೇಳುವುದಕ್ಕೆ ಯಾವುದು, ಬರೆಹ ತಿದ್ದಲು ಯಾವುದು ಎಂಬ ಆಯ್ಕೆ ಶಿಕ್ಷಕರ ವೃತ್ತಿಜ್ಞಾನದ ಭಾಗವಾಗಬೇಕಾಗುತ್ತದೆ. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ ಚೌಕಟ್ಟಿನ ತಿರುಳೂ ಇದೇ: ವಿಷಯದ ಅರಿವು, ಕಲಿಸುವ ವಿಧಾನದ ಅರಿವು, ತಂತ್ರಜ್ಞಾನದ ಅರಿವು ಮೂರನ್ನೂ ಬೇರೆ ಬೇರೆಯಾಗಿ ಕಲಿತರೆ ಸಾಲದು, ಅವು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಶಿಕ್ಷಕರ ಕೌಶಲ ಹುಟ್ಟುತ್ತದೆ.

ಐವತ್ತು ಗಂಟೆಗಳಲ್ಲಿ ಏನಿರಬೇಕು

ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಅವಕಾಶ ಇರಬೇಕೆನ್ನುತ್ತದೆ. ಕೇಂದ್ರ ಸರ್ಕಾರದ ನಿಷ್ಠಾ ಎಂಬ ಶಿಕ್ಷಕ ತರಬೇತಿ ಕಾರ್ಯಕ್ರಮ ಈ ನೀತಿಗೂ ಮೊದಲೇ 2019ರಲ್ಲಿ ಆರಂಭವಾಗಿ, 2020ರ ಅಕ್ಟೋಬರಿನಿಂದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ವೇದಿಕೆಯಲ್ಲಿ ಆನ್‌ಲೈನ್ ರೂಪ ಪಡೆಯಿತು. ಲಕ್ಷಾಂತರ ಶಿಕ್ಷಕರಿಗೆ ಒಂದೇ ವಸ್ತುವನ್ನು ಕಡಿಮೆ ಖರ್ಚಿನಲ್ಲಿ ತಲುಪಿಸುವುದು ಇದರಿಂದ ಸಾಧ್ಯವಾಯಿತು ಎಂಬುದು ಸಣ್ಣ ಮಾತಲ್ಲ.

ತೊಡಕು ಇರುವುದು ಗಂಟೆಗಳನ್ನು ತುಂಬುವ ರೀತಿಯಲ್ಲಿ. ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರ ಗುರುತಿಸಿ, ಪ್ರಮಾಣಪತ್ರ ಇಳಿಸಿಕೊಳ್ಳುವ ತರಬೇತಿ ತಿಳಿವಳಿಕೆಯನ್ನು ಹೆಚ್ಚಿಸಬಹುದು, ರೂಢಿಯನ್ನು ಬದಲಿಸುವುದು ಅಪರೂಪ. ಶಿಕ್ಷಕ ತರಬೇತಿಯ ಬಗ್ಗೆ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ದಶಕಗಳ ಹಿಂದೆಯೇ ತೋರಿಸಿದ ಅಂಶವಿದು. ವಿವರಣೆ ಕೇಳುವುದರಿಂದ, ಮಾದರಿ ಪಾಠ ನೋಡುವುದರಿಂದ ತರಗತಿಗೆ ಇಳಿಯುವ ಬದಲಾವಣೆ ಅತ್ಯಲ್ಪ, ತಾವೇ ಅಭ್ಯಾಸ ಮಾಡಿ, ಅನುಭವಿಗಳೊಬ್ಬರು ಜೊತೆಗಿದ್ದು ತಿದ್ದಿದಾಗ ಮಾತ್ರ ಹೊಸ ವಿಧಾನ ಕೈಗೆ ಹತ್ತುತ್ತದೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 60 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದಕ್ಕೆ ಅಂಕಿಗಳ ಆಧಾರ ಕೊಟ್ಟಿತು. ಹೀಗೆ ಜೊತೆಗಿದ್ದು ತಿದ್ದುವ ಮಾರ್ಗದರ್ಶನದಿಂದ ಬೋಧನೆಯ ಗುಣಮಟ್ಟ 0.49 ಮತ್ತು ಮಕ್ಕಳ ಕಲಿಕೆ 0.18 ಪ್ರಮಾಣಿತ ವಿಚಲನೆಯಷ್ಟು (ಪರಿಣಾಮದ ಗಾತ್ರವನ್ನು ಅಳೆಯುವ ಸಂಖ್ಯಾಶಾಸ್ತ್ರದ ಮಾನ) ಸುಧಾರಿಸಿತ್ತು. ಅದೇ ವಿಶ್ಲೇಷಣೆಯ ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು: ಕಾರ್ಯಕ್ರಮ ದೊಡ್ಡದಾದಂತೆ ಪರಿಣಾಮ ಇಳಿದಿತ್ತು. ಒಳ್ಳೆಯ ಮಾರ್ಗದರ್ಶಕರು ಎಲ್ಲೆಡೆಯೂ ಸಿಗುವುದಿಲ್ಲ ಎಂಬುದು ಅದಕ್ಕೆ ಒಂದು ಕಾರಣವಿರಬಹುದು.

ಇಲ್ಲಿ ಮುಂಬಯಿ ಕನ್ನಡ ಶಿಕ್ಷಕರ ಸಣ್ಣ ಸಂಖ್ಯೆಯೇ ಅವರಿಗೆ ಅನುಕೂಲವಾಗುತ್ತದೆ. ಲಕ್ಷ ಶಿಕ್ಷಕರಿಗೆ ಒಬ್ಬೊಬ್ಬ ಮಾರ್ಗದರ್ಶಕರನ್ನು ಒದಗಿಸುವುದು ಕನಸು, ಮೂವತ್ತು ನಲವತ್ತು ಮಂದಿಗೆ ಒದಗಿಸುವುದು ಕಷ್ಟವಲ್ಲ. 50 ಗಂಟೆಗಳಲ್ಲಿ ಹತ್ತು ಗಂಟೆ ವಿಡಿಯೊ ಪಾಠಗಳಿಗೆ ಸಾಕು. ಉಳಿದ ನಲವತ್ತರಲ್ಲಿ ಶಿಕ್ಷಕರು ತಮ್ಮದೇ ತರಗತಿಯ ಹತ್ತು ನಿಮಿಷದ ದಾಖಲೆಯನ್ನು ಜೊತೆಗಾರರೊಂದಿಗೆ ಕುಳಿತು ನೋಡುವುದು, ಯಾವ ಮಗು ಎಷ್ಟು ಸಲ ಮಾತನಾಡಿತು ಎಂದು ಎಣಿಸುವುದು, ಒಂದು ಒತ್ತಕ್ಷರದ ಪಾಠವನ್ನು ಮೂರು ಬಗೆಯಲ್ಲಿ ಮಾಡಿ ಹೋಲಿಸುವುದು ಇರಬೇಕು. ತನ್ನ ತರಗತಿಯಲ್ಲಿ ತಾನೇ ಮುಕ್ಕಾಲು ಹೊತ್ತು ಮಾತನಾಡುತ್ತಿದ್ದೇನೆ ಎಂಬುದು ಯಾವ ಶಿಕ್ಷಕರಿಗೂ ದಾಖಲೆ ನೋಡುವವರೆಗೆ ತಿಳಿಯುವುದಿಲ್ಲ. ಅದನ್ನು ನೋಡಿದ ಮೇಲೆ ಯಾರೂ ಹೇಳದೆಯೇ ಮರುದಿನದ ಪಾಠ ಬದಲಾಗುತ್ತದೆ. ಇದು ತಪಾಸಣೆಯಾಗದಂತೆ ನೋಡಿಕೊಳ್ಳುವುದು ಮಾತ್ರ ಅತ್ಯಗತ್ಯ. ಆ ದಾಖಲೆ ಮೇಲಧಿಕಾರಿಯ ಕೈಸೇರಿ ಸೇವಾಪುಸ್ತಕದ ಟಿಪ್ಪಣಿಯಾಗುತ್ತದೆ ಎಂಬ ಅನುಮಾನ ಬಂದರೆ ಶಿಕ್ಷಕರು ಅತ್ಯುತ್ತಮ ಮಕ್ಕಳನ್ನು ಮುಂದೆ ಕೂರಿಸಿ ನಾಟಕದ ಪಾಠ ಮಾಡುತ್ತಾರೆ, ಕಲಿಯುವುದೇನೂ ಉಳಿಯುವುದಿಲ್ಲ.

ನಂಟಿಗೆ ಬೇಕಾದ ಹೊತ್ತಿನ ಲೆಕ್ಕ

ಮಗುವಿನೊಂದಿಗೆ ನಂಟು ಬೆಳೆಸಿಕೊಳ್ಳಬೇಕು ಎಂದು ಎಲ್ಲ ಸುತ್ತೋಲೆಗಳೂ ಹೇಳುತ್ತವೆ, ಅದಕ್ಕೆ ಬೇಕಾದ ಹೊತ್ತನ್ನು ಯಾವ ವೇಳಾಪಟ್ಟಿಯೂ ತೋರಿಸುವುದಿಲ್ಲ. ದೂರಶಿಕ್ಷಣದ ಚಿಂತಕ ಮೈಕೆಲ್ ಮೂರ್ ಹೇಳಿದಂತೆ ಕಲಿಸುವವರ ಮತ್ತು ಕಲಿಯುವವರ ನಡುವಿನ ಅಂತರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಸಂವಾದ ಹೆಚ್ಚಿದಷ್ಟೂ ಆ ಅಂತರ ಕುಗ್ಗುತ್ತದೆ, ಪಾಠ ಬಿಗಿಯಾದ ಅಚ್ಚಿನಲ್ಲಿ ಒಂದೇ ದಿಕ್ಕಿಗೆ ಹರಿದಷ್ಟೂ ಹಿಗ್ಗುತ್ತದೆ. ತಾನೇ ಓದಿಕೊಳ್ಳಬಲ್ಲ ವಯಸ್ಕರು ದೊಡ್ಡ ಅಂತರವನ್ನೂ ದಾಟಬಲ್ಲರು. ಆರು ವರ್ಷದ ಮಗು ದಾಟಲಾರದು, ಅದಕ್ಕೆ ಸಂವಾದವೇ ಸೇತುವೆ.

ಇದಕ್ಕೆ ದುಬಾರಿ ತಂತ್ರಜ್ಞಾನ ಬೇಕಿಲ್ಲ ಎಂಬುದಕ್ಕೆ ಆಫ್ರಿಕಾದ ಬೋಟ್ಸ್ವಾನಾದಿಂದ ಒಳ್ಳೆಯ ಪುರಾವೆ ಸಿಕ್ಕಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅಲ್ಲಿ ನೋಮ್ ಆಂಗ್ರಿಸ್ಟ್ ಮತ್ತು ಸಂಗಡಿಗರು ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಲೆಕ್ಕಗಳ ಎಸ್‌ಎಂಎಸ್ ಮಾತ್ರ ಕಳುಹಿಸಿದರು, ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ 15ರಿಂದ 20 ನಿಮಿಷಗಳ ಫೋನ್ ಕರೆಯನ್ನೂ ಮಾಡಿಸಿದರು. ಕರೆ ಬಂದ ಮನೆಗಳ ಮಕ್ಕಳ ಕಲಿಕೆ 0.12 ಪ್ರಮಾಣಿತ ವಿಚಲನೆಯಷ್ಟು ಹೆಚ್ಚಿತು, ಬರೀ ಸಂದೇಶ ಹೋದ ಕಡೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಮುಂದೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಇದನ್ನು ಪರೀಕ್ಷಿಸಿದಾಗಲೂ ಕರೆಯ ಪರಿಣಾಮ ಗಟ್ಟಿಯಾಗಿಯೇ ಉಳಿಯಿತು. ವಾಟ್ಸಾಪ್ ಗುಂಪಿಗೆ ಹಾಳೆ ಕಳುಹಿಸುವುದಕ್ಕೂ ಮಗುವಿನ ಹೆಸರು ಹಿಡಿದು ಕರೆದು ಅದರ ಉತ್ತರಕ್ಕೆ ಕಾಯುವುದಕ್ಕೂ ಇರುವ ಫರಕು ಇದು. ಗಣಿತಕ್ಕೆ ಸಂದ ಮಾತು ಭಾಷೆಗೂ ಸಲ್ಲುತ್ತದೆ ಎಂದು ನಂಬಲು ಕಾರಣವಿದೆ, ಯಾಕೆಂದರೆ ಭಾಷೆಯ ಪಾಠದಲ್ಲಿ ಮಾತುಕತೆಯೇ ಪಾಠದ ವಸ್ತು.

ಈಗ ಲೆಕ್ಕ ಹಾಕೋಣ. ಒಬ್ಬ ಶಿಕ್ಷಕಿಗೆ ಇಪ್ಪತ್ತು ಮಕ್ಕಳ ಮೂರು ಗುಂಪುಗಳು, ಒಟ್ಟು 60 ಮಕ್ಕಳು. ಪ್ರತಿ ಗುಂಪಿಗೆ ವಾರಕ್ಕೆ 40 ನಿಮಿಷಗಳ ಎರಡು ತರಗತಿಗಳಾದರೆ ನಾಲ್ಕು ಗಂಟೆ. ಪ್ರತಿ ಮಗುವಿಗೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷದ ಕರೆಯಾದರೆ ವಾರಕ್ಕೆ ಐದು ಗಂಟೆ. ಪ್ರತಿ ಮಗುವಿನ ಬರೆಹ ತಿದ್ದಲು ವಾರಕ್ಕೆ ನಾಲ್ಕು ನಿಮಿಷ ಎಂದರೂ ನಾಲ್ಕು ಗಂಟೆ. ಪಾಠದ ತಯಾರಿಗೆ ಐದು ಗಂಟೆ ಸೇರಿಸಿದರೆ ಹದಿನೆಂಟು ಗಂಟೆ, ಮಾಡಬಹುದಾದ ಕೆಲಸ. ಅದೇ ಶಿಕ್ಷಕಿಗೆ ಹತ್ತು ಶಾಲೆಗಳ 200 ಮಕ್ಕಳನ್ನು ಒಪ್ಪಿಸಿದರೆ ಕರೆಗೆ ಮತ್ತು ಬರೆಹ ತಿದ್ದುವುದಕ್ಕೇ 30 ಗಂಟೆ ಬೇಕು. ಆಗ ಕರೆಗಳು ಮೊದಲು ನಿಲ್ಲುತ್ತವೆ, ನಂತರ ತಿದ್ದುವಿಕೆ ನಿಲ್ಲುತ್ತದೆ, ಉಳಿಯುವುದು ಲಿಂಕು ಮತ್ತು ಹಾಜರಿ. ಆನ್‌ಲೈನ್‌ನಿಂದ ಉಳಿತಾಯ ಎಂದು ಆಡಳಿತ ಎಣಿಸುವ ಹಣ ಬಹುಮಟ್ಟಿಗೆ ಈ ಕರೆ ಮತ್ತು ತಿದ್ದುವಿಕೆಗಳನ್ನು ಕೈಬಿಟ್ಟು ಬಂದ ಉಳಿತಾಯವಾಗಿರುತ್ತದೆ.

ಪರದೆಯ ಹೊತ್ತಿನ ಚಿಂತೆಗೂ ಈ ಲೆಕ್ಕದಲ್ಲಿ ಉತ್ತರವಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಪ್ರಗ್ಯತಾ ಮಾರ್ಗಸೂಚಿ ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡೇ ಆನ್‌ಲೈನ್ ಅವಧಿಗಳು ಎಂಬ ಮಿತಿ ಹಾಕಿತ್ತು. ವಾರಕ್ಕೆ ಎರಡು ತರಗತಿ, ಉಳಿದದ್ದು ಕಿವಿಗೆ ಕರೆ, ಕೈಗೆ ಪುಸ್ತಕ ಎಂದಾದರೆ ಆ ಮಿತಿಯ ಹತ್ತಿರಕ್ಕೂ ಹೋಗಬೇಕಿಲ್ಲ.

ಎರಡು ರಾಜ್ಯಗಳ ನಡುವೆ ಸಿಕ್ಕ ಶಿಕ್ಷಕರು

ಮಹಾರಾಷ್ಟ್ರದ ಕನ್ನಡ ಶಿಕ್ಷಕರು ಆಡಳಿತದಲ್ಲಿ ಪುಣೆಯ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ವ್ಯಾಪ್ತಿಗೆ ಸೇರುತ್ತಾರೆ. ಕನ್ನಡ ಬೋಧನೆಯ ಸಾಮಗ್ರಿ ಮತ್ತು ಸಂಪನ್ಮೂಲ ವ್ಯಕ್ತಿಗಳ ಬಹುಭಾಗ ಇರುವುದು ಬೆಂಗಳೂರಿನ ಡಿಎಸ್‌ಇಆರ್‌ಟಿಯ, ಅಂದರೆ ಕರ್ನಾಟಕದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಬಳಿ. ಮೊದಲನೆಯದಕ್ಕೆ ಕನ್ನಡ ಒಂದು ಅಲ್ಪಸಂಖ್ಯಾತ ಮಾಧ್ಯಮ, ಎರಡನೆಯದಕ್ಕೆ ಮುಂಬಯಿಯ ಶಿಕ್ಷಕರು ಹೊರರಾಜ್ಯದವರು. ಎರಡೂ ರಾಜ್ಯಗಳು ಬಳಸುವುದು ಒಂದೇ ದೀಕ್ಷಾ ವೇದಿಕೆಯನ್ನು, ಆದ್ದರಿಂದ ಸಾಮಗ್ರಿ ಹಂಚಿಕೊಳ್ಳಲು ತಾಂತ್ರಿಕ ಅಡ್ಡಿ ಇಲ್ಲ. ಬೆಂಗಳೂರಿನಲ್ಲಿ ಪಡೆದ ತರಬೇತಿಯ ಗಂಟೆಗಳನ್ನು ಪುಣೆಯ ಕಚೇರಿ 50 ಗಂಟೆಗಳಲ್ಲಿ ಎಣಿಸುತ್ತದೆಯೇ ಎಂಬ ಒಂದು ಆಡಳಿತಾತ್ಮಕ ತೀರ್ಮಾನ ಬೇಕು, ಅಷ್ಟೇ.

ಇದರ ನಡುವೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದಿಂದಲೇ ಹೋದ ಪ್ರಕರಣದಲ್ಲಿ ಕೊಟ್ಟ ತೀರ್ಪು ಇನ್ನೊಂದು ಗೊಂದಲ ತಂದಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು ಎಂದು ಅದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ದೊಡ್ಡ ಪೀಠದ ಪರಿಶೀಲನೆಗೆ ಬಿಟ್ಟಿತು. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳು ನಡೆಸುವ ಕನ್ನಡ ಶಾಲೆಗಳ ಶಿಕ್ಷಕರು ಹೀಗಾಗಿ ಕಾಯುವ ಸ್ಥಿತಿಯಲ್ಲಿದ್ದಾರೆ, ಪಾಲಿಕೆ ಶಾಲೆಗಳವರಿಗೆ ಗಡುವು ಎದುರಿಗಿದೆ. ಅರ್ಹತಾ ಪರೀಕ್ಷೆ ಅಳೆಯುವುದು ಕನಿಷ್ಠ ಯೋಗ್ಯತೆಯನ್ನು. ಪರದೆಯ ಮೇಲೆ ಒತ್ತಕ್ಷರ ಕಲಿಸುವ ಕೌಶಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಓದಿನ ಒತ್ತಡದಲ್ಲಿರುವ ಶಿಕ್ಷಕರು ಎರಡನ್ನೂ ಒಂದೇ ಹೊರೆ ಎಂದು ಕಾಣುವುದು ಸಹಜ.

ಮುಂದೆ ಆಗಬಹುದಾದದ್ದು

ಆನ್‌ಲೈನ್ ಭಾಷಾ ಬೋಧನೆಯ ಪ್ರಸ್ತಾಪ ಅದೇ ರೂಪದಲ್ಲಿ, ಶಿಕ್ಷಕರ ತಯಾರಿಯ ಮಾತಿಲ್ಲದೆ ಮರಳಿ ಬಂದರೆ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಮೊದಲ ತಿಂಗಳು ಉತ್ಸಾಹದಿಂದ ಹೆಸರು ಕೊಟ್ಟ ಪಾಲಕರು ಮಗುವಿಗೆ ಅಕ್ಷರ ಬಾರದಿರುವುದನ್ನು ಕಂಡು ದೀಪಾವಳಿಯ ಹೊತ್ತಿಗೆ ಹಿಂದೆ ಸರಿಯುತ್ತಾರೆ. ಸಂಖ್ಯೆ 20ರ ಕೆಳಗೆ ಇಳಿಯುತ್ತದೆ. ಕನ್ನಡಕ್ಕೆ ಬೇಡಿಕೆ ಇಲ್ಲ ಎಂದು ಕಡತದಲ್ಲಿ ದಾಖಲಾಗುತ್ತದೆ. ಕಳಪೆ ಪಾಠದಿಂದ ಕುಸಿದ ಬೇಡಿಕೆ ಮುಂದಿನ ವರ್ಷ ಪಾಠವನ್ನೇ ನಿಲ್ಲಿಸಲು ಕಾರಣವಾಗುತ್ತದೆ. ಆ ಕಡತವೇ ನಾಳೆ ಕನ್ನಡ ಮಾಧ್ಯಮದ ತರಗತಿಗಳ ವಿಲೀನಕ್ಕೂ ಸಾಕ್ಷಿಯಾಗಬಲ್ಲದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆನ್ನುತ್ತದೆ. ಲಿಂಕ್ ಕಳುಹಿಸಿದರೆ ಸೌಲಭ್ಯ ಒದಗಿಸಿದಂತಾಯಿತೇ ಎಂಬ ಪ್ರಶ್ನೆ ಆಗ ನ್ಯಾಯಾಲಯದ ಮೆಟ್ಟಿಲೇರಿದರೂ ಆಶ್ಚರ್ಯವಿಲ್ಲ.

ಬೇರೆ ದಾರಿಯೂ ಇದೆ, ಅದಕ್ಕೆ ಬೇಕಾದ ಬಹುತೇಕ ಸಾಮಗ್ರಿ ಈ ಊರಿನಲ್ಲಿಯೇ ಇದೆ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳನ್ನು ನಡೆಸಿದ ಸಮುದಾಯ ಮುಂಬಯಿ ಕನ್ನಡಿಗರದು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂತಹ ಸಂಸ್ಥೆಗಳ ಸಭಾಂಗಣಗಳಿವೆ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ನಿವೃತ್ತರಾದ ನುರಿತ ಕನ್ನಡ ಶಿಕ್ಷಕಿಯರು ಡೊಂಬಿವಲಿಯಿಂದ ಮೀರಾರೋಡಿನವರೆಗೆ ಇದ್ದಾರೆ. ತಿಂಗಳಿಗೊಂದು ಭಾನುವಾರ ಆನ್‌ಲೈನ್ ಗುಂಪಿನ ಮಕ್ಕಳು ಹತ್ತಿರದ ಸಭಾಂಗಣದಲ್ಲಿ ತಮ್ಮ ಶಿಕ್ಷಕಿಯನ್ನು ಮುಖಾಮುಖಿ ಕಂಡು ಒಕ್ಕೊರಲಿನಲ್ಲಿ ಪದ್ಯ ಹೇಳಿದರೆ, ಉಳಿದ ವಾರಗಳ ಪರದೆಯ ಪಾಠಕ್ಕೆ ಒಂದು ಪರಿಚಿತ ಮುಖ ದಕ್ಕುತ್ತದೆ. ನಿವೃತ್ತ ಶಿಕ್ಷಕಿಯರು ಹೊಸಬರ ತರಗತಿಗಳಿಗೆ ಮಾರ್ಗದರ್ಶಕರಾಗಬಹುದು. ಅವರಿಗೆ ಗೌರವಧನ ಕೊಡಬೇಕು, ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವ ಪದ್ಧತಿ ಇಲ್ಲಿಗೂ ಬರಬಾರದು.

ಮುಂದಿನ ಆದೇಶ ಬಂದ ದಿನ ಸಂಘಸಂಸ್ಥೆಗಳೂ ಪಾಲಕರೂ ಮೊದಲು ಓದಬೇಕಾದದ್ದು ಹಿಂದಿಯ ಬಗ್ಗೆ ಇರುವ ಸಾಲನ್ನಲ್ಲ. ಒಬ್ಬ ಶಿಕ್ಷಕರಿಗೆ ಗರಿಷ್ಠ ಎಷ್ಟು ಮಕ್ಕಳು ಎಂದು ಅದು ಹೇಳಿದೆಯೇ, ಕರೆ ಮಾಡುವ ಮತ್ತು ಬರೆಹ ತಿದ್ದುವ ಹೊತ್ತು ಕೆಲಸದ ಅವಧಿಯಲ್ಲಿ ಸೇರಿದೆಯೇ, ತರಬೇತಿಯಲ್ಲಿ ಮಾರ್ಗದರ್ಶಕರು ಇದ್ದಾರೆಯೇ, ಫೋನು ಇಲ್ಲದ ಮಗುವಿಗೆ ಶಾಲೆಯಲ್ಲಿಯೇ ಒಂದು ಟ್ಯಾಬ್ ಮತ್ತು ಕೂರಲು ಒಂದು ಕೋಣೆ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಇವು ಆದೇಶದಲ್ಲಿ ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಬೇಕಾದದ್ದು ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು. ತರಗತಿ ಶುರುವಾದ ಮೇಲೆ ಶಿಕ್ಷಕಿಗೆ ಒಪ್ಪಿಸಿದ 200 ಮಕ್ಕಳನ್ನು 60ಕ್ಕೆ ಇಳಿಸಿದ ಉದಾಹರಣೆ ಯಾವ ಇಲಾಖೆಯಲ್ಲಿಯೂ ಸುಲಭವಾಗಿ ಸಿಗುವುದಿಲ್ಲ.